ಕೇರಿಗೆ ಬರಲೊಲ್ಲದ ತಂತಿ

'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.' ಕೇರಿಗೆ ಇಂಟರ್‌ನೆಟ್ ಬೇಕು ಅಂದ ತಕ್ಷಣ ಈ ಗಾದೆ ಬಂದು ಎದುರಿಗೆ ನಿಲ್ಲುತ್ತದೆ. ಇದನ್ನು ನಮ್ಮ ಮುಖಕ್ಕೆ ಎಸೆಯುವವರು ಬರೀ ಊರಗೌಡರಲ್ಲ, ತಾಲೂಕು ಆಫೀಸಿನ ಸಾಹೇಬರಲ್ಲ. ಚಳವಳಿಯಲ್ಲಿ ತಲೆ ಹಣ್ಣಾದ ನಮ್ಮ ಹಿರಿಯರೇ ಹೇಳುತ್ತಾರೆ: 'ಉಳೋಕೆ ಭೂಮಿ ಇಲ್ಲ, ಹೂಳೋಕೆ ಸ್ಮಶಾನ ಇಲ್ಲ, ನಿಮಗೆ ವೈಫೈ ಚಿಂತೆಯೇನಯ್ಯಾ?' ಕೇಳಲಿಕ್ಕೆ ಸರಿಯಾಗಿಯೇ ಇದೆ. ಆದರೆ ಈ ಹಿರಿಯರು ಈಚೆಗೆ ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತಂತೆ ಕಾಣುವುದಿಲ್ಲ. ನಿಂತಿದ್ದರೆ ಗೊತ್ತಾಗುತ್ತಿತ್ತು, ಹಿಟ್ಟೇ ಈಗ ಆ ಮಲ್ಲಿಗೆ ಬಳ್ಳಿಗೆ ನೇತುಬಿದ್ದಿದೆ. ಹೆಬ್ಬೆಟ್ಟು ಒತ್ತಬೇಕು, ಆ ಹೆಬ್ಬೆಟ್ಟು ಹೋಗಿ ಎಲ್ಲೋ ಕೂತಿರುವ ಕಂಪ್ಯೂಟರಿಗೆ ತಾಕಬೇಕು, ಅದು ಹೂಂ ಅನ್ನಬೇಕು. ಆಮೇಲೆ ಅಕ್ಕಿ. ಹೂಂ ಅನ್ನದ ದಿನ 'ಸರ್ವರ್ ಇಲ್ಲ, ನಾಳೆ ಬಾರಮ್ಮ.' ನಾಳೆ ಬರುವುದು ಅಂದರೆ ಒಂದು ದಿನದ ಕೂಲಿ ಬಿಡುವುದು. ಈ ಕೂಲಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು?

ಉದ್ಯೋಗಖಾತ್ರಿಯ ಕಥೆ ಇನ್ನೂ ಚೆನ್ನಾಗಿತ್ತು. 2023ರ ಜನವರಿ 1ರಿಂದ ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಸಲ ಫೋಟೋ ತೆಗೆದು ಆಪ್‌ನಲ್ಲಿ ಹಾಜರಿ ಏರಿಸಬೇಕು ಎಂದು ದೇಶಕ್ಕೆಲ್ಲ ಕಡ್ಡಾಯ ಮಾಡಿದರು. ಕೆರೆಯಂಗಳದಲ್ಲಿ ಹೂಳೆತ್ತುವವರ ಬೆನ್ನಿನ ಬೆವರು ಸಾಕ್ಷಿಯಲ್ಲ, ತುಂಬಿದ ಮಂಕರಿ ಸಾಕ್ಷಿಯಲ್ಲ. ಫೋಟೋ ಏರಿದರೆ ಕೂಲಿ, ಏರದಿದ್ದರೆ ನೀನು ಬಂದೇ ಇಲ್ಲ. ಅದೇ ವರ್ಷ ಜುಲೈನಲ್ಲಿ ಗೃಹಲಕ್ಷ್ಮಿಗೆ ಹೆಸರು ಬರೆಸಲು ಗ್ರಾಮ ಒನ್ ಮುಂದೆ ಹೆಂಗಸರು ಹೊತ್ತುಗಟ್ಟಲೆ ಕಾದದ್ದು ಯಾವುದಕ್ಕೆ? ಇದೇ ಸರ್ವರ್ ಎಂಬ ದೇವರ ಅಪ್ಪಣೆಗೆ. ಪಹಣಿ ಅದರಲ್ಲಿ, ಜಾತಿ ಸರ್ಟಿಫಿಕೇಟು ಅದರಲ್ಲಿ, ಮಕ್ಕಳ ಸ್ಕಾಲರ್‌ಶಿಪ್ಪಿನ ಅರ್ಜಿ ಅದರಲ್ಲಿ. ಸರ್ಕಾರ ತನ್ನ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಒಂದೇ ಬಾಗಿಲು ಉಳಿಸಿಕೊಂಡಿದೆ. ಆ ಬಾಗಿಲಿನ ದಾರಿ ನಿಮ್ಮ ಕೇರಿಗಿಲ್ಲ ಅಂದರೆ, ಅದನ್ನು ಜುಟ್ಟಿನ ಮಲ್ಲಿಗೆ ಅನ್ನುವ ಬುದ್ಧಿವಂತರಿಗೆ ಏನು ಹೇಳೋಣ?

ಇನ್ನೊಂದು ಕೊಂಕು ಇದೆ. 'ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಮನೆಗ್ಯಾಕೆ ಬೇರೆ ಲೈನು?' ಇದನ್ನು ಕೇಳುವವರ ಮನೆಯಲ್ಲಿ ಲೈನಿದೆ ಎಂಬುದನ್ನು ಮೊದಲು ಗಮನಿಸಿ. ನಮ್ಮ ಕೇರಿಯ ಬಹಳ ಮನೆಗಳಲ್ಲಿ ನೆಟ್ಟಿರುವ ಫೋನು ಒಂದೇ. ಅದನ್ನು ಅಪ್ಪ ಜೇಬಿಗಿಟ್ಟುಕೊಂಡು ಎಸ್ಟೇಟಿಗೆ ಹೋಗುತ್ತಾನೆ, ಹೊತ್ತು ಮುಳುಗಿದ ಮೇಲೆ ಬರುತ್ತಾನೆ. ಮೂರು ಮಕ್ಕಳ ಓದು ಆ ಫೋನಿನ ಅಳಿದುಳಿದ ಚಾರ್ಜಿನಲ್ಲಿ ಆಗಬೇಕು. ಅದರ ಬೆಲೆಯೋ! ವರ್ಷಕ್ಕೆ 12 ತಿಂಗಳು ಎಂದು ನಾವು ಶಾಲೆಯಲ್ಲಿ ಕಲಿತದ್ದು. ಕಂಪನಿಯ ಪಂಚಾಂಗದಲ್ಲಿ 28 ದಿನಕ್ಕೊಂದು ತಿಂಗಳು, ವರ್ಷಕ್ಕೆ 13 ಸಲ ರೀಚಾರ್ಜು. ಪಂಚಾಂಗ ಬರೆಯುವವನೇ ದಕ್ಷಿಣೆ ಕೇಳುವವನೂ ಆಗಿರುವುದು ನಮಗೇನು ಹೊಸದಲ್ಲ ಬಿಡಿ. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪನಿಗಳೂ ಒಂದರ ಹಿಂದೆ ಒಂದು ದರ ಏರಿಸಿದವು. ಮೂವರು ಅಂಗಡಿಯವರು ಒಂದೇ ವಾರದಲ್ಲಿ ಬೆಲೆ ಏರಿಸಿದರೆ ಸಂತೆಯಲ್ಲಿ ಅದಕ್ಕೆ ಏನೆನ್ನುತ್ತಾರೋ ಅದನ್ನೇ ಅನ್ನಿ. ಇದರ ಮೇಲೆ ಸರ್ಕಾರದ ತೆರಿಗೆ ನೂರಕ್ಕೆ 18. ಬಂಗಾರ ಕೊಳ್ಳುವವನಿಗೆ ನೂರಕ್ಕೆ 3.

ಮನೆಯ ಲೈನು ಅಂದರೆ ಗೋಡೆಗೊಂದು ಪೆಟ್ಟಿಗೆ. ಅಪ್ಪ ಫೋನು ಒಯ್ದರೂ ಅದು ಮನೆಯಲ್ಲೇ ಇರುತ್ತದೆ. ಪಕ್ಕದ ಮನೆಯಿಂದ ತಂದ ಫೋನಿಗೂ ಹತ್ತುತ್ತದೆ, ಡಿಗ್ರಿ ಓದುವಾಗ ಸರ್ಕಾರ ಕೊಟ್ಟು ಈಗ ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪಿಗೂ ಹತ್ತುತ್ತದೆ. ಕೇಳುತ್ತಿರುವುದು ಇಷ್ಟನ್ನೇ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಈ ದೇಶದ ಹಳ್ಳಿಗಳಲ್ಲಿ ಇಂಟರ್‌ನೆಟ್ ಸೌಲಭ್ಯವಿದ್ದ ಮನೆ ನೂರಕ್ಕೆ 15, ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4. ಮೊಬೈಲಿನ ನೆಟ್ಟೂ ಆ 15ರಲ್ಲಿ ಸೇರಿತ್ತು. ಎರಡು ವರ್ಷ ಕಳೆದು ಕೊರೊನಾ ಬಂದಾಗ ಪಾಠಗಳನ್ನೆಲ್ಲ ಎತ್ತಿಕೊಂಡು ಹೋಗಿ ಆ ನೆಟ್ಟಿನೊಳಗಿಟ್ಟರು. ಉಳಿದ 85 ಮನೆಯ ಮಕ್ಕಳನ್ನು ದ್ರೋಣಾಚಾರ್ಯ ಮಾಡಿದಂತೆ ಬೆರಳು ಕೇಳಿ ಕಳಿಸಲಿಲ್ಲ, ನಿಜ. ಸುಮ್ಮನೆ ಲಿಂಕ್ ಕಳಿಸಿದರು.

ಈಗ ನಮ್ಮ ಕಡೆಯ ವಿಚಾರಕ್ಕೆ ಬರುತ್ತೇನೆ. ಹಾಸನ ಜಿಲ್ಲೆ ಘಟ್ಟಕ್ಕೆ ತಗಲಿಕೊಂಡಿರುವ ಸೀಮೆ ನಮ್ಮದು. ಮನೆಗೆ ನೆಟ್ ಕೊಡುವವನು ಇಲ್ಲಿ ಒಬ್ಬನೇ. ಹಿಂದೆ ದೊಡ್ಡ ಡಿಶ್ ನಿಲ್ಲಿಸಿ ಟಿವಿ ಕೇಬಲ್ ಎಳೆದವನೇ ಈಗ ಫೈಬರಿನ ಏಜೆನ್ಸಿ ಹಿಡಿದಿದ್ದಾನೆ. ತಂತಿ ಹೋಬಳಿಯಿಂದ ಕರೆಂಟ್ ಕಂಬದ ಮೇಲೆ ಹತ್ತಿ ಬರುತ್ತದೆ. ಬಸ್ ನಿಲ್ದಾಣ, ಸೊಸೈಟಿ, ಗೌಡರ ಬೀದಿ, ದೇವಸ್ಥಾನದ ಬೀದಿ, ಸ್ಕೂಲು. ಅಲ್ಲಿಂದ ಅರಳಿಕಟ್ಟೆಯ ಕಂಬಕ್ಕೆ ಬಂದು ಸುರುಳಿ ಸುತ್ತಿಕೊಂಡು ನಿಂತುಬಿಟ್ಟಿದೆ. ಅಲ್ಲಿಂದ ಕೇರಿಯ ಮೊದಲ ಮನೆಗೆ ಆರು ಕಂಬ. ಕಂಬಗಳು ಭಾಗ್ಯಜ್ಯೋತಿಯ ಕಾಲದಿಂದಲೂ ನಿಂತೇ ಇವೆ. ಹೊಸದಾಗಿ ನೆಡಬೇಕಾದ್ದು ಒಂದೂ ಇಲ್ಲ.

ಕೇಳಲಿಕ್ಕೆ ಹೋದೆವು. ನಾನೂ, ಬಿ.ಕಾಂ. ಓದುತ್ತಿರುವ ನಮ್ಮ ಕೇರಿಯ ಇಬ್ಬರು ಹುಡುಗರೂ.

'ಆ ಕಡೆ ಫೀಸಿಬಲ್ ಇಲ್ಲ ಕಣ್ರಪ್ಪ' ಅಂದ.

'ಹಂಗಂದ್ರೇನಣ್ಣ?'

'ಹಂಗಂದ್ರೆ ಆಗಾಕಿಲ್ಲ ಅಂತ. ಲೈನ್ ಎಳೆದಿದ್ದು ಖರ್ಚು ಹುಟ್ಟಲ್ಲ. ನಿಮ್ಮೋರು ಮೊದಲೆರಡು ತಿಂಗಳು ಕಟ್ತಾರೆ, ಆಮೇಲೆ ನಾನು ಮನೆಮನೆ ಬಾಗಿಲಿಗೆ ಅಲೀಬೇಕು.'

ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು, 'ನಿಮ್ಮೋರು.' ಕೇರಿಯಲ್ಲಿ ಒಬ್ಬರಿಗೂ ಒಂದು ತಿಂಗಳೂ ಕನೆಕ್ಷನ್ ಕೊಡದವನಿಗೆ ಕೇರಿಯವರು ಮೂರನೆಯ ತಿಂಗಳು ಕಟ್ಟುವುದಿಲ್ಲ ಎಂಬ ಜ್ಞಾನ ಎಲ್ಲಿಂದ ಬಂತು? ವಾರ ತಪ್ಪದೆ ಸಂಘದ ಕಂತು ಕಟ್ಟುವ ಹೆಂಗಸರು ನಮ್ಮವರು. ಜ್ವರ ಬಂದು ಮಲಗಿದ್ದರೂ ಕಂತಿನ ದಿನ ಎದ್ದು ಬರುತ್ತಾರೆ. ಫೋನಿನ ರೀಚಾರ್ಜನ್ನು ಮುಂಗಡ ಕಟ್ಟಿಯೇ ಮಾತಾಡುವವರು. ಸಾಲ ಕೊಡುವ ಕಂಪನಿಗಳಿಗೆ ಕಾಣುವ ನಮ್ಮ ನಿಯತ್ತು ಈ ಮನುಷ್ಯನಿಗೆ ಯಾಕೆ ಕಾಣುವುದಿಲ್ಲ? ಖರ್ಚಿನ ಮಾತೂ ಸುಳ್ಳು. ಇದೇ ಆಸಾಮಿ ಊರಾಚೆಯ ತೋಟದ ಬಂಗಲೆಗೆ, ಒಂದೇ ಒಂದು ಮನೆಗೆ, ನಮ್ಮ ಆರು ಕಂಬದ ದುಪ್ಪಟ್ಟು ದೂರ ಲೈನ್ ಎಳೆದಿದ್ದಾನೆ. ಅದು ಹೋಮ್‌ಸ್ಟೇ. ಬೆಂಗಳೂರಿನವರು ಬಂದು ಮಳೆ ನೋಡುತ್ತಾ ಕೆಲಸ ಮಾಡುತ್ತಾರಂತೆ.

ಫೈಬರ್ ಅಂದರೇನೆಂದು ತಿಳಿದುಕೊಂಡರೆ ಈ 'ಫೀಸಿಬಲ್' ಎಂಬ ಮಂತ್ರದ ಹುಳುಕು ಹೊರಗೆ ಬೀಳುತ್ತದೆ. ಅದೊಂದು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಅದರೊಳಗೆ ಓಡುವುದು ಕರೆಂಟಲ್ಲ, ಬೆಳಕು. ಮನೆಮನೆಗೆ ಕೊಡುವ ವ್ಯವಸ್ಥೆಯಲ್ಲಿ ಈ ಬೆಳಕು ಎಕ್ಸ್‌ಚೇಂಜಿನಿಂದ ಸುಮಾರು 20 ಕಿಲೋಮೀಟರ್ ದೂರದವರೆಗೆ ನಡುವೆ ಯಾವ ಯಂತ್ರದ ಹಂಗೂ ಇಲ್ಲದೆ ಹೋಗಬಲ್ಲದು. ಒಂದೇ ಎಳೆಯನ್ನು ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ಕವಲೊಡೆಸಿ 8 ಮನೆಗೆ, 16 ಮನೆಗೆ, 32 ಮನೆಗೂ ಹಂಚುತ್ತಾರೆ. ಅಂದರೆ ಕೇರಿಗೆ ಬೇಕಾದ್ದು ಮನೆಗೊಂದು ತಂತಿಯಲ್ಲ, ಕೇರಿಗೊಂದು ಎಳೆ, ಒಂದು ಪೆಟ್ಟಿಗೆ. ಹೋಬಳಿಯಿಂದ ಹಳ್ಳ ದಿಣ್ಣೆ ದಾಟಿ ಓಡಿ ಬಂದ ಬೆಳಕಿಗೆ ಅರಳಿಕಟ್ಟೆ ಹತ್ತಿರ ಬಂದ ಕೂಡಲೆ ಯಾಕೆ ಸುಸ್ತಾಯಿತು? ಅಲ್ಲಿಂದಾಚೆ ಅದು ಯಾವ ಮೈಲಿಗೆಗೆ ಅಂಜಿತು? ನೀರಿಗೆ ಮೈಲಿಗೆ ಇತ್ತು, ತಟ್ಟೆಗೆ ಲೋಟಕ್ಕೆ ಇತ್ತು. ಈಗ ಬೆಳಕಿಗೂ ಶುರುವಾಯಿತೋ?

ಊರಿನ ದೊಡ್ಡಮನೆಯ ವೈಫೈ ಹಿತ್ತಲ ಗೋಡೆಯಾಚೆಗೂ ಸ್ವಲ್ಪ ಚೆಲ್ಲುತ್ತದೆ. ಪಾಪ, ಅಲೆಗೆ ಯಾರ ಮನೆ ಗೋಡೆ ಎಂದು ಗೊತ್ತಿಲ್ಲ. ಆ ಮನೆಯ ಹುಡುಗ ಒಳ್ಳೆಯವನು, ಕ್ಲಾಸ್‌ಮೇಟ್‌ಗಳು ಅಂತ ನಮ್ಮ ಹುಡುಗರಿಗೆ ಪಾಸ್‌ವರ್ಡ್ ಹೇಳಿದ್ದ. ಪರೀಕ್ಷೆ ಅರ್ಜಿ ತುಂಬುವ ಕಾಲದಲ್ಲಿ ನಾಲ್ಕು ಮಕ್ಕಳು ಆ ಗೋಡೆಗೆ ಒರಗಿ ಕೂತಿರುತ್ತಿದ್ದವು. ಮನೆಯ ಯಜಮಾನರು ನೋಡಿದರು. ಬೈಯಲಿಲ್ಲ, ಓಡಿಸಲಿಲ್ಲ, ಕಾಲ ಬದಲಾಗಿದೆಯಲ್ಲ. ಮಾರನೆಯ ದಿನ ಪಾಸ್‌ವರ್ಡ್ ಬದಲಾಗಿತ್ತು. ನಮ್ಮ ಅಜ್ಜಿಯರು ಬಾವಿಯಿಂದ ಮಾರು ದೂರ ಕೊಡ ಇಟ್ಟುಕೊಂಡು, ಯಾವ ತಾಯಿಯಾದರೂ ಸೇದಿ ಹುಯ್ದಾಳೇನೋ ಎಂದು ಕಾಯುತ್ತಿದ್ದರು. ಹುಯ್ಯುವವರು ಹುಯ್ಯುತ್ತಿದ್ದರು, ಹುಯ್ಯದವರು ಹೋಗುತ್ತಿದ್ದರು. ಇನ್ನೊಬ್ಬರ ಮರ್ಜಿಯಲ್ಲಿ ಸಿಕ್ಕುವ ನೀರು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಕೇರಿಗೆ ಕೇರಿಯದೇ ಲೈನು ಬೇಕು ಅನ್ನುತ್ತಿದ್ದೇವೆ.

ನ್ಯಾಯ ಹೇಳಬೇಕೆಂದರೆ ಊರಿನ ಬೀದಿಯವರೂ ಸುಖವಾಗಿಲ್ಲ. ಅಡಿಕೆ ಸೋಗೆ ಬಿದ್ದರೆ ತಂತಿ ಕಟ್, ರಸ್ತೆ ಅಗೆಯುವ ಜೆಸಿಬಿ ಹಲ್ಲು ತಗುಲಿದರೆ ಕಟ್, ಕರೆಂಟ್ ಹೋದರೆ ಪೆಟ್ಟಿಗೆಯ ದೀಪವೂ ಹೋಯಿತು. ಮಳೆಗಾಲದಲ್ಲಿ ನಾಲ್ಕು ದಿನ ನೆಟ್ಟಿಲ್ಲದಿದ್ದರೂ ತಿಂಗಳ ಬಿಲ್ಲಿನಲ್ಲಿ ನಾಲ್ಕು ಕಾಸು ಇಳಿಯುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಯಾಕೆ ಎತ್ತಬೇಕು? 'ನೀನಲ್ಲದಿದ್ದರೆ ಇನ್ನೊಬ್ಬ' ಅನ್ನಲಿಕ್ಕೆ ಇನ್ನೊಬ್ಬನಿಲ್ಲ. ಒಬ್ಬನೇ ಸಾಹುಕಾರನಿದ್ದ ಊರಿನಲ್ಲಿ ಬಡ್ಡಿ ಎಷ್ಟಿತ್ತು ಎಂದು ನಿಮ್ಮ ಅಪ್ಪಂದಿರನ್ನು ಕೇಳಿ. ಊರಿನವರು ಈ ಒಬ್ಬನೇ ಸಾಹುಕಾರನ ಗಿರಾಕಿಗಳು. ನಾವು ಅವನ ಗಿರಾಕಿಯಾಗುವ ಯೋಗ್ಯತೆಯನ್ನೂ ಪಡೆಯದವರು, ವ್ಯತ್ಯಾಸ ಇಷ್ಟೆ.

ಪೈಪೋಟಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಲೇ ಇದ್ದಾರೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಾಗ ದೇಶದಲ್ಲಿ ಹತ್ತಾರು ಮೊಬೈಲ್ ಕಂಪನಿಗಳಿದ್ದವು. ಒಂದನ್ನೊಂದು ನುಂಗಿ, ಮುಳುಗಿ, ಈಗ ಖಾಸಗಿಯವು ಉಳಿದದ್ದು ಮೂರು. ಆಕಾಶದಿಂದ ನೆಟ್ ಬರುತ್ತದೆ, ಇನ್ನು ತಂತಿಯ ಹಂಗಿಲ್ಲ ಎಂದು ಸ್ಟಾರ್‌ಲಿಂಕಿನ ಭಜನೆ ಶುರುವಾಯಿತು. 2025ರ ಮಾರ್ಚ್‌ನಲ್ಲಿ ಒಂದೇ ವಾರದೊಳಗೆ ಏರ್‌ಟೆಲ್ಲೂ ಜಿಯೋವೂ ಅದರ ಜೊತೆ ಒಪ್ಪಂದ ಮಾಡಿಕೊಂಡವು. ಆಕಾಶಕ್ಕೂ ಅವೇ ಎರಡು ಬಾಗಿಲು.

ಇನ್ನು ಸರ್ಕಾರದ ಕಂಪನಿ. ಅದನ್ನು ಬೈಯುವುದು ಈಗ ಫ್ಯಾಷನ್ನಾಗಿದೆ, ಬೈಯುವ ಮೊದಲು ಅದಕ್ಕೆ ಏನು ಮಾಡಿದರೆಂದು ಕೇಳಿ. ಹಳ್ಳಿಗಾಗಿಯೇ ಮಾಡಿದ ಸಿ-ಡಾಟ್‌ನ ಸಣ್ಣ ಎಕ್ಸ್‌ಚೇಂಜು, ಧೂಳು ಸೆಕೆ ತಾಳಿಕೊಳ್ಳುವ, ಏಸಿ ಕೋಣೆ ಬೇಡದ ಯಂತ್ರ, ದೇಶದಲ್ಲಿ ಮೊದಲು ಬಂದು ಕೂತದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಬಂದದ್ದು ಆ ಕಾಲದ ಹುರುಪಿನಿಂದ. ಅಂಥ ಇಲಾಖೆಯನ್ನು ಕಂಪನಿ ಮಾಡಿದರು. ಕಂಪನಿ ಮಾಡಿ ಓಟಕ್ಕೆ ಬಿಟ್ಟರು, ಬಿಡುವಾಗ ಕಾಲು ಕಟ್ಟಿದರು. ಖಾಸಗಿಯವರು 5ಜಿ ಶುರುಮಾಡಿದ್ದು 2022ರ ಅಕ್ಟೋಬರಿನಲ್ಲಿ. ಬಿಎಸ್‌ಎನ್‌ಎಲ್‌ನ 4ಜಿ ದೇಶಕ್ಕೆಲ್ಲ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ನಡುವೆ, 2020ರ ಜನವರಿ 31ರಂದು ಒಂದೇ ದಿನ ಅದರ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂನಿವೃತ್ತಿ ಎಂಬ ಹೆಸರಿನಲ್ಲಿ ಮನೆಗೆ ಹೋದರು. ಸುಮಾರು ಅರ್ಧ ಸಂಸ್ಥೆ.

ಇದರ ಅರ್ಥ ಏನೆಂದು ನಮ್ಮ ಸಂಘಟನೆಗಳು ಅಂದು ಜೋರಾಗಿ ಕೇಳಬೇಕಿತ್ತು. ಏಣಿ ಹೊತ್ತು ಸೈಕಲ್ ತುಳಿದು ಬರುತ್ತಿದ್ದ ಲೈನ್‌ಮನ್ ಇದ್ದನಲ್ಲ, ಅವನ ಹುದ್ದೆಗೆ ಮೀಸಲಾತಿ ಇತ್ತು. ನಮ್ಮ ಎಷ್ಟೋ ಮನೆಗಳ ಮೊದಲ ಸಂಬಳ ಅಂಥ ಹುದ್ದೆಗಳಿಂದ ಬಂದದ್ದು. ಅವನು ಊರಿಗೂ ಬರುತ್ತಿದ್ದ, ಕೇರಿಗೂ ಬರುತ್ತಿದ್ದ, ಯಾಕೆಂದರೆ ಅವನಿಗೆ ಸಂಬಳ ಕೊಡುತ್ತಿದ್ದುದು ಅರಳಿಕಟ್ಟೆಯ ಯಜಮಾನರಲ್ಲ. ಈಗ ಅದೇ ಕೆಲಸ ಗುತ್ತಿಗೆ ಏಜೆನ್ಸಿಯದು. ಏಜೆನ್ಸಿ ಯಾರಿಗೆ ಸಿಗುತ್ತದೆ? ಬಂಡವಾಳ ಇದ್ದವನಿಗೆ, ಮಳಿಗೆ ಇದ್ದವನಿಗೆ, ಕಂಬದ ಮೇಲೆ ತಂತಿ ಎಳೆದರೆ ಯಾರೂ ಯಾಕೆಂದು ಕೇಳದಂಥ ಮನೆತನದವನಿಗೆ. ಕಂಬ ಹತ್ತುವ ಹುಡುಗ ಮಾತ್ರ ನಮ್ಮವನೇ, ದಿನಗೂಲಿಗೆ. ಕೇರಿಯ ಹುಡುಗ ಎಳೆದ ತಂತಿಗೆ ಕೇರಿಗೆ ಹೋಗುವ ದಾರಿ ಗೊತ್ತಿಲ್ಲ!

'ಖಾಸಗಿಯವನ ದುಡ್ಡು, ಖಾಸಗಿಯವನ ಇಷ್ಟ' ಎಂದು ಈಗ ಯಾರಾದರೂ ಬಾಯಿ ಹಾಕುತ್ತಾರೆ. ಬರೀ ಅವನ ದುಡ್ಡಲ್ಲ ಸ್ವಾಮಿ. 2002ರ ಏಪ್ರಿಲ್‌ನಿಂದ ಟೆಲಿಫೋನ್ ಕಂಪನಿಗಳು ತಮ್ಮ ಆದಾಯದಲ್ಲಿ ನೂರಕ್ಕೆ 5ನ್ನು ಒಂದು ನಿಧಿಗೆ ಕಟ್ಟುತ್ತಾ ಬಂದಿವೆ. ಸಾರ್ವತ್ರಿಕ ಸೇವೆಯ ಬಾಧ್ಯತಾ ನಿಧಿ ಎಂದು ಅದರ ಹೆಸರು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಎಂದಾಯಿತು. ಲಾಭ ಹುಟ್ಟದ ಜಾಗಗಳಿಗೆ, ಅಂದರೆ ನಮ್ಮಂಥವರ ಜಾಗಗಳಿಗೆ, ಫೋನು ನೆಟ್ಟು ಕೊಡಲೆಂದೇ ಇರುವ ಹಣ ಇದು. ಕಂಪನಿ ಕಟ್ಟುವ ಆ 5ನ್ನು ಕಂಪನಿಯ ಯಜಮಾನ ತನ್ನ ಹೊಲ ಮಾರಿ ಕಟ್ಟುವುದಿಲ್ಲ. ಅದು ನಮ್ಮ ರೀಚಾರ್ಜಿನಿಂದಲೇ ಹೋಗುವುದು. ಕೂಲಿ ಮಾಡುವ ಹೆಂಗಸಿನ 28 ದಿನದ ರೀಚಾರ್ಜಿನಲ್ಲೂ ಅದರ ಪಾಲಿದೆ. ಊರಿಗೆಲ್ಲ ಬಾವಿ ತೋಡಲು ಕೇರಿಯಿಂದಲೂ ವಂತಿಗೆ ಎತ್ತಿದ್ದಾರೆ. ವಂತಿಗೆ ಕೊಟ್ಟವರು ಹಗ್ಗ ಹಿಡಿದು ಹೋದರೆ 'ಫೀಸಿಬಲ್ ಇಲ್ಲ.'

ಆ ಬಾವಿಯ ಹಣದಲ್ಲೇ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಬಂತು. ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. ಎರಡು ವರ್ಷದಲ್ಲಿ ಎರಡೂವರೆ ಲಕ್ಷ ಪಂಚಾಯಿತಿ ಅಂದರು. ಭಾರತ್‌ನೆಟ್ ಎಂದು ಹೆಸರು ಬದಲಾಯಿತು. ಮೊದಲ ಒಂದು ಲಕ್ಷ ಪಂಚಾಯಿತಿ ಮುಟ್ಟುವಷ್ಟರಲ್ಲಿ 2017 ಮುಗಿದಿತ್ತು. 2020ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯ ಮೇಲೆ ನಿಂತು 1000 ದಿನದಲ್ಲಿ ದೇಶದ 6 ಲಕ್ಷ ಹಳ್ಳಿಗೂ ಫೈಬರ್ ಎಂದರು. ದಿನ ಎಣಿಸುವುದು ಕೂಲಿಯವರಿಗೆ ಚೆನ್ನಾಗಿ ಬರುತ್ತದೆ. 1000 ದಿನ ಮುಗಿದದ್ದು 2023ರ ಮೇ 12ಕ್ಕೆ. ಅದಾಗಿ ಮೂರು ತಿಂಗಳೊಳಗೆ, ಆಗಸ್ಟ್‌ನಲ್ಲಿ, ಉಳಿದ ಕೆಲಸಕ್ಕೆಂದು ಇನ್ನೂ 1,39,579 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಬಿತ್ತು. ಮೊದಲ ಸುತ್ತಿನಲ್ಲಿ ಹಳೆಯ ಕೇಬಲ್ಲಿಗೇ ಗಂಟು ಹಾಕಿ ಒಂದರ ಬಾಲಕ್ಕೆ ಒಂದು ಕಟ್ಟಿದ್ದರು, ಒಂದು ಕಡೆ ಕಟ್ಟಾದರೆ ಮುಂದಿನ ಊರುಗಳೆಲ್ಲ ಕತ್ತಲು. ಹೊಸ ಯೋಜನೆಯಲ್ಲಿ ಉಂಗುರದಂತೆ ಸುತ್ತುತ್ತಾರಂತೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುತ್ತದಂತೆ. ಒಳ್ಳೆಯದೇ. ಆದರೆ ಆ ಉಂಗುರ ಯಾರ ಬೆರಳಿಗೆ? ಪಂಚಾಯಿತಿ ಕಟ್ಟಡದವರೆಗೆ ಬಂದರೆ 'ಊರು ಮುಟ್ಟಿತು' ಎಂದು ದೆಹಲಿಯಲ್ಲಿ ಬರೆದುಕೊಳ್ಳುತ್ತಾರೆ. ಪಂಚಾಯಿತಿ ಕಟ್ಟಡದಿಂದ ಕೇರಿಗೆ ಎಷ್ಟು ದೂರ ಎಂಬ ಕಾಲಮ್ಮು ಅವರ ಫಾರಂನಲ್ಲಿ ಇಲ್ಲ. ಎಷ್ಟೋ ಕಡೆ ಆ ಪೆಟ್ಟಿಗೆಯ ಬ್ಯಾಟರಿ ಸತ್ತು, ಮೇಲೆ ಕಡತ ಪೇರಿಸಿಟ್ಟಿದ್ದಾರೆ.

ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಠರಾವು ಮಾಡಿದ್ದು 1924ರಲ್ಲಿ. ಠರಾವು ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಮ್ಮವರು ದಡದಲ್ಲೂ ಇರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರ ಜೊತೆ ಕೆರೆಗೆ ಇಳಿದು ಬೊಗಸೆಯಲ್ಲಿ ಎತ್ತುವವರೆಗೆ ಆ ಠರಾವಿಗೆ ಜೀವ ಬರಲಿಲ್ಲ. ಭಾರತ್‌ನೆಟ್‌ನ ಬೋರ್ಡು ನೋಡಿದಾಗಲೆಲ್ಲ ನನಗೆ ಆ ಮೂರು ವರ್ಷಗಳ ನೆನಪು.

2021ರ ಜೂನ್‌ನಲ್ಲಿ ಒಂದು ಫೋಟೋ ದೇಶವೆಲ್ಲ ಓಡಾಡಿತು. ಸುಳ್ಯ ತಾಲೂಕಿನ ಒಂದು ಹಳ್ಳಿ, ಸುರಿಯುವ ಮಳೆ. ರಸ್ತೆ ಪಕ್ಕ ಕೂತ ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತಿದ್ದಾನೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಎಂಥ ಅಪ್ಪ, ಎಂಥ ತ್ಯಾಗ ಎಂದು ನಗರದ ಜನ ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಳ್ಳುವುದು ಪುಕ್ಕಟೆ. ಆ ಕೊಡೆ ಹಿಡಿಯಬೇಕಾದ ಕೈ ಯಾರದು ಎಂದು ಕೇಳಿದವರು ಕಡಿಮೆ. ಮಲೆನಾಡಿನ ಕೆಲವು ಹಳ್ಳಿಗಳು ಮಾತ್ರ ಅದೇ ವರ್ಷ 'ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ' ಎಂದು ಬ್ಯಾನರ್ ಕಟ್ಟಿದವು. ನನಗೆ ಆ ಕಣ್ಣೀರಿಗಿಂತ ಈ ಬ್ಯಾನರ್ ಮೇಲು ಅನ್ನಿಸುತ್ತದೆ.

'ನೆಟ್ ಕೊಟ್ಟರೆ ನಿಮ್ಮ ಹುಡುಗರು ರೀಲ್ಸ್ ನೋಡ್ತವೆ, ಜೂಜಾಡ್ತವೆ' ಎಂಬ ಕಾಳಜಿಯೂ ಉಂಟು. ಊರಿನ ಹುಡುಗರು ಅದರಲ್ಲಿ ಏನು ಪಾರಾಯಣ ಮಾಡುತ್ತಿದ್ದಾರೋ! ಹುಡುಗರು ಹಾಳಾಗುವ ಹಕ್ಕಿನಲ್ಲೂ ನಮಗೆ ಸಮಪಾಲು ಬೇಕೆಂದು ನಾನು ಕೇಳುತ್ತಿಲ್ಲ. ನಮ್ಮ ಕೇರಿಯ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಕಂಪನಿಯ ಕೆಲಸಕ್ಕೆ ಅರ್ಜಿ ಹಾಕಿದಳು. ಮೊದಲ ಇಂಟರ್‌ವ್ಯೂ ವಿಡಿಯೋದಲ್ಲಿ. ಕೆರೆ ಏರಿಯ ಮೇಲೆ ಸಿಗ್ನಲ್ ಇದ್ದ ಜಾಗ ಹುಡುಕಿ ಕೂತಳು, ಮೂರನೆಯ ಪ್ರಶ್ನೆಗೆ ಮುಖ ನಿಂತುಹೋಯಿತು. ಆ ಕಡೆಯವರು ಎರಡು ನಿಮಿಷ ಕಾದು ಮುಂದಿನವರನ್ನು ಕರೆದರು. ಮೂರನೆಯ ಪ್ರಶ್ನೆಗೆ ಉತ್ತರ ಅವಳಿಗೆ ಗೊತ್ತಿತ್ತು.

ಬೆಂಗಳೂರಿಗೆ ಹೋದರೆ ಸರಿಹೋಗುತ್ತದೆಂದು ತಿಳಿಯಬೇಡಿ. ಅಲ್ಲಿ ಶೀಟಿನ ಮನೆಗಳ ಸಾಲಿಗೆ ಬಂದರೆ ವಿಳಾಸದ ದಾಖಲೆ ಕೇಳುತ್ತಾರೆ, ಓನರ್ ಒಪ್ಪಿಗೆ ಕೇಳುತ್ತಾರೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಬಿಲ್ಡರ್ ಒಬ್ಬನೇ ಕಂಪನಿಯ ಜೊತೆ ಮಾತಾಡಿಕೊಂಡು ಇನ್ನೊಬ್ಬನನ್ನು ಗೇಟಿನೊಳಗೆ ಬಿಡದಿರುವುದು ಉಂಟು. ಅವರ ಪಾಡು ಅವರು ನೋಡಿಕೊಳ್ಳುತ್ತಾರೆ, ಅವರಿಗೆ ವಕೀಲರಿದ್ದಾರೆ.

ಪಕ್ಕದ ಕೇರಳದಲ್ಲಿ ಸರ್ಕಾರವೇ ಕೆ-ಫೋನ್ ಎಂಬ ತನ್ನದೇ ಜಾಲ ಎಳೆದು 2023ರ ಜೂನ್ 5ರಂದು ಶುರುಮಾಡಿತು. 20 ಲಕ್ಷ ಬಡ ಮನೆಗಳಿಗೆ ಪುಕ್ಕಟೆ ಎಂಬುದು ಗುರಿ, ಮೊದಲ ಕಂತಿಗೆ ಹೇಳಿದ್ದು 14 ಸಾವಿರ ಮನೆ. ಅಲ್ಲೂ ಎತ್ತಿನಗಾಡಿಯ ವೇಗವೇ. ಆದರೂ ಬಡವರ ಮನೆ ಲೆಕ್ಕದ ಮೊದಲ ಸಾಲಿನಲ್ಲಿತ್ತು ಎಂಬುದನ್ನು ನೋಡಿ. ಇಂಟರ್‌ನೆಟ್ ಶಿಕ್ಷಣದ ಹಕ್ಕಿನ ಭಾಗ ಎಂದು 2019ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದೂ ಅಲ್ಲಿನ ಹೈಕೋರ್ಟೇ, ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಹಾಕಿದ ಮೊಕದ್ದಮೆಯಲ್ಲಿ. ಒಬ್ಬ ಹುಡುಗಿ ಅಷ್ಟು ಮಾಡಿದಳು. ನಾವು ಒಂದು ಕೇರಿ ಇದ್ದೇವೆ.

ಆದ್ದರಿಂದ ಕೇಬಲ್ಲಿನವನ ಅಂಗಡಿ ಮುಂದೆ ಒಬ್ಬೊಬ್ಬರೇ ಕೈಕಟ್ಟಿ ನಿಲ್ಲುವುದು ಬೇಡ. 16 ಮನೆ ಸೇರಿ ಒಂದೇ ದಿನ 16 ಅರ್ಜಿ ಕೊಡಿ. ಒಂದು ಸ್ಪ್ಲಿಟರಿಗೆ ಸಾಕಾಗುವಷ್ಟು ಮನೆ ಇದ್ದ ಮೇಲೆ ಖರ್ಚು ಹುಟ್ಟಲ್ಲ ಎಂಬ ಮಾತಿಗೆ ಕಾಲಿರುವುದಿಲ್ಲ. ಆಗಲ್ಲ ಅಂದರೆ ಬರೆದುಕೊಡು ಅನ್ನಿ. ಬಾಯಲ್ಲಿ ಹೇಳುವವನು ಕಾಗದದ ಮೇಲೆ 'ಕೇರಿಗೆ ಕೊಡುವುದಿಲ್ಲ' ಎಂದು ಬರೆಯಲು ಸ್ವಲ್ಪ ಯೋಚಿಸುತ್ತಾನೆ. ಅವನ ಮೇಲಿರುವ ಕಂಪನಿಗೆ ದೂರು ಕೊಟ್ಟರೆ ದೂರಿನ ನಂಬರ್ ಕೊಡಲೇಬೇಕು, ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಬಹುದು, 2012ರ ಟ್ರಾಯ್ ನಿಯಮ ಅದು. ನಂಬರ್ ಬರೆದಿಟ್ಟುಕೊಳ್ಳಿ. ಇನ್ನು ಪಂಚಾಯಿತಿ. ಮುಂದಿನ ಗ್ರಾಮಸಭೆಗೆ ಹೆಂಗಸರೂ ಬನ್ನಿ, ಪಿಡಿಒ ಅವರನ್ನು ಕೇಳಿ: ಭಾರತ್‌ನೆಟ್‌ನ ಪೆಟ್ಟಿಗೆ ಎಲ್ಲಿದೆ, ಹೊತ್ತಿಕೊಂಡಿದೆಯೇ, ಯಾರ್‍ಯಾರಿಗೆ ಅದರಿಂದ ಲೈನು ಹೋಗಿದೆ, ಅರಿವು ಕೇಂದ್ರಕ್ಕೆ ಬಂದಿದೆಯೇ, ಕೇರಿಯ ಅಂಬೇಡ್ಕರ್ ಭವನಕ್ಕೆ ಎಂದು ಎಳೆಯುತ್ತೀರಿ? ಪ್ರಶ್ನೆಯನ್ನೂ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಿಸಿ, ಆಮೇಲೆ ಸಹಿ ಹಾಕಿ. ಅರ್ಜಿಗೆ ಹಿಂಬರಹ ಕೈಗೆ ಸಿಗುವವರೆಗೆ ಸಭೆಯಿಂದ ಏಳಬೇಡಿ.